ಆಸಿಡ್ ಇಲ್ಲದೆ 14 ತಿಂಗಳು: ಒಂದು ಇಂಜೆಕ್ಷನ್ ಬಾವಿಯ ಜೊತೆ ನನ್ನ ಅನುಭವ

ಗುಜರಾತಿನ ಮೆಹಸಾಣ ಕಡೆಯ ಹಳೆ ತೈಲ ಫೀಲ್ಡ್ ಒಂದರಲ್ಲಿ ನೀರು ಇಂಜೆಕ್ಷನ್ (ಎಣ್ಣೆಯನ್ನು ತಳ್ಳಲು ನೆಲದೊಳಗೆ ನೀರು ಇಳಿಸುವುದು) ನೋಡಿಕೊಳ್ಳುತ್ತಾ ಹನ್ನೊಂದು ವರ್ಷ ಆಯಿತು. ಎಣ್ಣೆ ಜೊತೆ ಬಂದ ನೀರನ್ನೇ ಸೋಸಿ ವಾಪಸ್ ಕಲೋಲ್ ಅನ್ನುವ, ಎಣ್ಣೆ ಇರುವ ಮರಳುಗಲ್ಲಿನ ಪದರಕ್ಕೆ ಇಳಿಸುವ ಕೆಲಸ. ಅದರಲ್ಲಿ ಒಂದು ಬಾವಿ ನನ್ನ ನಿದ್ದೆ ಕೆಡಿಸಿತ್ತು. ಶುರುವಿನಲ್ಲಿ 90 ಕೆಜಿ (ಚದರ ಸೆಂಟಿಮೀಟರ್‌ಗೆ) ಪ್ರೆಶರ್‌ಗೆ ದಿನಕ್ಕೆ 180 ಕ್ಯೂಬಿಕ್ ಮೀಟರ್ ಕುಡಿಯುತ್ತಿತ್ತು. ನಾಲ್ಕೇ ತಿಂಗಳಲ್ಲಿ 130 ಕೆಜಿ ಕೊಟ್ಟರೂ 60 ಕ್ಯೂಬಿಕ್ ಮೀಟರ್ ದಾಟಲಿಲ್ಲ. ಆಸಿಡ್ ಜಾಬ್ (ಬಾವಿಗೆ ಆಸಿಡ್ ಇಳಿಸಿ ಕಟ್ಟಿಕೊಂಡದ್ದನ್ನು ಕರಗಿಸುವುದು) ಮಾಡಿದರೆ ಎರಡು ಮೂರು ತಿಂಗಳು ಆರಾಮ, ಆಮೇಲೆ ಮತ್ತೆ ಅದೇ ಕಥೆ. ಒಂದು ಜಾಬ್‌ಗೆ ಹೆಚ್ಚುಕಮ್ಮಿ 12 ಲಕ್ಷ. ಎರಡು ವರ್ಷದಲ್ಲಿ ಆರು ಸಲ ಮಾಡಿದೆವು.

ನೀರಿನಲ್ಲಿನ ಕಣಗಳು ಕಲ್ಲಿನ ರಂಧ್ರ ಕಟ್ಟುತ್ತಿವೆ ಅಂತ, ಮೊದಲು ನಾನೂ ಎಲ್ಲರ ಹಾಗೆ ನೀರು ಸೋಸುವ ಪ್ಲಾಂಟ್ ಫಿಲ್ಟರ್ ಮೇಲೇ ಅನುಮಾನ ಪಟ್ಟೆ. ಮೀಡಿಯಾ (ಒಳಗಿನ ಸೋಸುವ ಪದಾರ್ಥ) ಪೂರ್ತಿ ಬದಲಾಯಿಸಿದೆವು, ಪ್ರಯೋಜನ ಆಗಲಿಲ್ಲ. ವೆಲ್‌ಹೆಡ್ (ಬಾವಿಯ ಬಾಯಿ) ಪಕ್ಕದಲ್ಲೇ 2 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಕಾರ್ಟ್ರಿಜ್ ಫಿಲ್ಟರ್ ಕೂರಿಸಿದೆ. ಎರಡೇ ದಿನಕ್ಕೆ ಕಟ್ಟಿಕೊಂಡಿತು. ಒಂದು ತಿಂಗಳಲ್ಲಿ ಕಾರ್ಟ್ರಿಜ್‌ಗೇ ಒಂದೂವರೆ ಲಕ್ಷ ಹೋಯಿತು. 5 ಮೈಕ್ರಾನ್ ಹಾಕಿದೆ. ಕಾರ್ಟ್ರಿಜ್ ಬಾಳಿಕೆ ಬಂತು, ಬಾವಿ ಕಟ್ಟಿತು.

ನಮ್ಮ ಕೆಲಸದಲ್ಲಿ ಒಂದು ಅಂದಾಜು ಲೆಕ್ಕ ಇದೆ: ಕಲ್ಲಿನ ರಂಧ್ರದ ಕಿರಿದಾದ ಕುತ್ತಿಗೆಯ ಏಳನೇ ಒಂದರಿಂದ ಮೂರನೇ ಒಂದು ಭಾಗದಷ್ಟಿರುವ ಕಣವೇ ಹೆಚ್ಚು ಕಾಟ ಕೊಡುವುದು. ನಮ್ಮ ಕಲ್ಲಿನ ರಂಧ್ರದ ಕುತ್ತಿಗೆ ಸುಮಾರು 10–12 ಮೈಕ್ರಾನ್. ಅಂದರೆ ಒಂದೂವರೆಯಿಂದ ನಾಲ್ಕು ಮೈಕ್ರಾನ್ ಕಣಗಳೇ ಕಳ್ಳರು. ದಪ್ಪ ಕಣ ಬಾಗಿಲಲ್ಲೇ ಕೂರುತ್ತದೆ, ಹಿಂದಕ್ಕೆ ಹರಿಸಿದರೆ ಬರುತ್ತದೆ. ತೀರಾ ಸಣ್ಣದು ದಾಟಿ ಹೋಗುತ್ತದೆ. ಮಧ್ಯದ್ದು ಒಳಗೆ ನುಗ್ಗಿ ಸಿಕ್ಕಿಹಾಕಿಕೊಳ್ಳುತ್ತದೆ. 5 ಮೈಕ್ರಾನ್ ಫಿಲ್ಟರ್ ಬಿಟ್ಟುಕೊಡುವುದು ಸರಿಯಾಗಿ ಇವನ್ನೇ ಅಲ್ವಾ?

ನಂಬಿಕೆ ಬರಲಿ ಅಂತ ಲ್ಯಾಬ್‌ನಲ್ಲಿ ಉಳಿದಿದ್ದ ಒಂದು ಕೋರ್ ತುಂಡಿಗೆ (ಬಾವಿ ಕೊರೆಯುವಾಗ ತೆಗೆದ ಕಲ್ಲಿನ ಮಾದರಿ) ವೆಲ್‌ಹೆಡ್ ನೀರನ್ನೇ ಮೂರು ದಿನ ಹರಿಸಿದೆ. ಉದ್ದಕ್ಕೆ ಸೀಳಿ ನೋಡಿದರೆ, ನೀರು ಹೊಕ್ಕ ಕಡೆ ಬೆರಳಿನ ಒಂದು ಗೆಣ್ಣಿನಷ್ಟು ಕಪ್ಪು, ಅದರಾಚೆ ಹೊಸ ಕಲ್ಲಿನ ಹಾಗೆ ಬೆಳ್ಳಗೆ. ಆ ತುಂಡು ಇವತ್ತಿಗೂ ನನ್ನ ಟೇಬಲ್ ಮೇಲಿದೆ.

ಈ ಕಪ್ಪು ಎಲ್ಲಿಂದ ಬಂತು? 0.45 ಮೈಕ್ರಾನ್ ಪೇಪರಿನಲ್ಲಿ ಎರಡು ಕಡೆಯ ನೀರನ್ನು ಸೋಸಿದೆ. ಪ್ಲಾಂಟ್ ಔಟ್‌ಲೆಟ್ ಪೇಪರ್ ತೆಳು ಕಂದು. ವೆಲ್‌ಹೆಡ್ ಪೇಪರ್ ಕಾಡಿಗೆಯ ಹಾಗೆ. ಅದರ ಮೇಲೆ ಎರಡು ಹನಿ ಆಸಿಡ್ ಬಿಟ್ಟೆ. ಕೊಳೆತ ಮೊಟ್ಟೆ ವಾಸನೆ ಬಂತು, ಕಪ್ಪು ಕರಗಿತು. ಐರನ್ ಸಲ್ಫೈಡ್! (ಇದನ್ನು ಹೊರಗೆ, ಗಾಳಿಯಾಡುವ ಕಡೆ ಮಾಡಿ. ಆ ಗ್ಯಾಸ್ ಜೀವ ತೆಗೆಯುತ್ತದೆ.) ಫಿಲ್ಟರ್ ತನ್ನ ಕೆಲಸ ಮಾಡುತ್ತಿತ್ತು. ಅಲ್ಲಿಂದ ಬಾವಿವರೆಗಿನ ನಾಲ್ಕು ಕಿಲೋಮೀಟರ್ ಪೈಪ್‌ಲೈನೇ ಕಣ ಹುಟ್ಟಿಸುತ್ತಿತ್ತು.

ಆಮೇಲೆ ಲೈನಿಗೆ ತಿಂಗಳಿಗೊಮ್ಮೆ ಪಿಗ್ (ಪೈಪಿನ ಒಳಗನ್ನು ಉಜ್ಜುತ್ತಾ ಸಾಗುವ ಬಿರಡೆ) ಬಿಟ್ಟು, ಬಂದ ಕಪ್ಪು ನೀರನ್ನು ಬಾವಿಗೆ ಸೇರಿಸದೆ ಗುಂಡಿಗೆ ಹರಿಸಿದೆವು. ಈ ಕಪ್ಪಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಕೊಲ್ಲುವ ಬಯೋಸೈಡ್ ಔಷಧಿಯನ್ನು ದಿನಾ ಸ್ವಲ್ಪ ಸ್ವಲ್ಪ ಹಾಕುವುದು ಬಿಟ್ಟು ವಾರಕ್ಕೊಮ್ಮೆ ಒಟ್ಟಿಗೆ ಹಾಕಿದೆವು. ಬ್ಯಾಕ್‌ವಾಶ್ (ಫಿಲ್ಟರನ್ನು ಉಲ್ಟಾ ನೀರು ಹರಿಸಿ ತೊಳೆಯುವುದು) ಆದ ಮೇಲಿನ ಮೊದಲ ಇಪ್ಪತ್ತು ನಿಮಿಷದ ನೀರೂ ಗುಂಡಿಗೇ. ಫಿಲ್ಟರ್ ಕುದುರುವ ತನಕ ಬರುವ ಆ ನೀರನ್ನು ಯಾರೂ ಗಮನಿಸಿರಲಿಲ್ಲ. ಕರೆಂಟ್ ಹೋಗಿ ಬಂದಾಗ ಪಂಪನ್ನು ಒಮ್ಮೆಲೇ ಪೂರ್ತಿ ವೇಗಕ್ಕೆ ಎತ್ತಿ ಪೈಪಿನ ಕೊಳೆ ಕದಡುವುದನ್ನೂ ನಿಲ್ಲಿಸಿದೆ.

ಕೊನೆಯದು ಬ್ಯಾಕ್‌ಫ್ಲೋ, ಅಂದರೆ ಬಾವಿಯ ನೀರನ್ನು ಹಿಂದಕ್ಕೆ ಹೊರಗೆ ಹರಿಸುವುದು. ಪ್ರೆಶರ್ ಏರಿದ ಮೇಲೆ ಮಾಡಿದರೆ ತಡವಾಯಿತು ಅಂತಲೇ ಅರ್ಥ. ಏರುವ ಮೊದಲೇ, ಸ್ವಲ್ಪ ಹೊತ್ತು ಮಾತ್ರ ಮಾಡಬೇಕು. ಎಷ್ಟು ನಿಮಿಷ, ಚೋಕ್ (ಹರಿವು ನಿಯಂತ್ರಿಸುವ ವಾಲ್ವ್) ಎಷ್ಟು ತೆರೆಯಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆರು ತಿಂಗಳು ಒದ್ದಾಡಿ ಕಂಡುಕೊಂಡದ್ದು ಅದು.

"ಒಳಗೆ ಕಳಿಸಿದ ನೀರನ್ನು ಹೊರಗೆ ಬಿಡೋದಾ?" ಅಂತ ಮೀಟಿಂಗ್‌ನಲ್ಲಿ ಸೀನಿಯರ್ ಒಬ್ಬರು ಕೇಳಿದ್ದರು. ಉಳಿದವರು ನಕ್ಕರು. ಏಳನೇ ಆಸಿಡ್ ಜಾಬ್‌ಗೆ ದುಡ್ಡು ಸಿಗದ ಕಾರಣಕ್ಕೇ ನನಗೆ ಅವಕಾಶ ಸಿಕ್ಕಿತು.

ಶಿರಾ ಹತ್ತಿರದ ನಮ್ಮ ತೋಟದ ಬೋರ್‌ವೆಲ್ ಮರುಪೂರಣದ ಗುಂಡಿಗೂ ಇದೇ ಪಾಠ ಹಾಕಿದೆ. ಮೊದಲ ಮಳೆಯ ಕೆಂಪು ನೀರನ್ನು ಪಕ್ಕಕ್ಕೆ ತಿರುಗಿಸಿ, ಮಳೆಗಾಲ ಮುಗಿದ ಮೇಲೆ ಮರಳಿನ ಮೇಲಿನ ಎರಡು ಇಂಚು ಕೆರೆದು ತೆಗೆಸುತ್ತೇನೆ. "ಮರಳು ಎಸೆಯೋಕೂ ಕೂಲಿ ಕೊಡ್ತೀಯಲ್ಲೋ" ಅಂತ ಅಪ್ಪ ಬೈದರು. ಮೂರು ವರ್ಷದಿಂದ ಗುಂಡಿ ಕಟ್ಟಿಲ್ಲ.

ಮೆಹಸಾಣದ ಆ ಬಾವಿ ಈಗ 95 ಕೆಜಿಗೆ ದಿನಕ್ಕೆ 150 ಕ್ಯೂಬಿಕ್ ಮೀಟರ್ ಆಸುಪಾಸು ತೆಗೆದುಕೊಳ್ಳುತ್ತಿದೆ. ಆಸಿಡ್ ಮುಟ್ಟಿಸಿ 14 ತಿಂಗಳಾಯಿತು. ಹೋದ ತಿಂಗಳು ಅದೇ ಸೀನಿಯರ್ ಫೋನ್ ಮಾಡಿ ಇನ್ನೆರಡು ಬಾವಿ ನನ್ನ ಕೈಗೆ ಕೊಟ್ಟರು.