ಕುಮಟಾದಲ್ಲಿ ಕೂತು ಗೇಮ್ ಆರ್ಟ್ ಕೆಲಸ ಹುಡುಕಿದ್ದು: ನನ್ನ ಅನುಭವ

ನಾನು ಗೇಮ್‌ಗಳಿಗೆ ಜಾಗ ಕಟ್ಟಿಕೊಡುತ್ತೇನೆ. ಕೋಟೆ, ಓಣಿ, ಹಾಳುಬಿದ್ದ ಬಂದರು, ಹೀಗೆ ಆಟದಲ್ಲಿ ಓಡಾಡುವ ಜಾಗವೆಲ್ಲ ಎನ್ವಿರಾನ್‌ಮೆಂಟ್ ಆರ್ಟಿಸ್ಟ್ ಮಾಡಬೇಕಾದ್ದು. ನಾನಿರುವುದು ಕುಮಟಾದಲ್ಲಿ, ಕೆಲಸ ಕೊಡುವವರು ಬೆಂಗಳೂರು, ಜರ್ಮನಿ, ಕೆನಡಾ ಅಂತ ಎಲ್ಲೆಲ್ಲೋ. ಶಿರಸಿ, ಹೊನ್ನಾವರ ಕಡೆಯ ಹುಡುಗರು ಆಗಾಗ ಫೋನ್ ಮಾಡುತ್ತಾರೆ. "ಅಣ್ಣಾ, ಕೆಲಸ ಎಲ್ಲಿ ಸಿಗ್ತದೆ?" ಅಂತ ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಗೇಮ್ ಮಾಡುವವರ ಕಣ್ಣಿಗೆ ನಿಮ್ಮ ಕೆಲಸ ಬೀಳಬೇಕು. ಎಲ್ಲಕ್ಕಿಂತ ಮುಖ್ಯ ಇದೇ. ಇನ್‌ಸ್ಟಾಗ್ರಾಂನಲ್ಲಿ ನಮಗೆ ಲೈಕ್ ಕೊಡುವವರಲ್ಲಿ ಜಾಸ್ತಿ ಜನ ನಮ್ಮಂಥ ಕಲಾವಿದರೇ. ಅವರ ಮೆಚ್ಚುಗೆಯಿಂದ ಖುಷಿಯಾಗುತ್ತದೆ, ನಿಜ. ಆದರೆ ದುಡ್ಡು ಕೊಡುವವನು ಎಲ್ಲೋ ಒಬ್ಬ ಪ್ರೋಗ್ರಾಮರ್. ಅವನ ಹತ್ತಿರ ಕೋಡ್ ಇದೆ, ಆರ್ಟ್ ಇಲ್ಲ. ಚಿತ್ರ ಎಷ್ಟು ಚೆಂದ ಅನ್ನುವುದಕ್ಕಿಂತ, ಇದು ನನ್ನ ಗೇಮ್ ಒಳಗೆ ತೊಂದರೆಯಿಲ್ಲದೆ ಕೂರುತ್ತದಾ ಅಂತ ಅವನು ನೋಡುತ್ತಾನೆ.

ನನಗೆ ಒಳ್ಳೆಯ ಕೆಲಸ ತಂದುಕೊಟ್ಟದ್ದು ಮಿರ್ಜಾನ್ ಕೋಟೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆಗೇ ನೆನಪಾಗುವ ಚಿರೆಕಲ್ಲಿನ ಕೋಟೆ ಅದು. ಫೋಟೋ ತೆಗೆಯಲು ನಾನು ಮಳೆಗಾಲದಲ್ಲೇ ಹೋಗುತ್ತಿದ್ದೆ. ಆ ಫೋಟೋಗಳನ್ನೇ ಗೇಮ್‌ನ ಗೋಡೆಗಳ ಮೈಗೆ ಹೊದಿಸುವುದು, ಅದಕ್ಕೆ ಟೆಕ್ಸ್ಚರ್ ಅನ್ನುತ್ತಾರೆ. ಬಿಸಿಲಲ್ಲಿ ತೆಗೆದರೆ ಕಲ್ಲಿನ ತೂತುಗಳ ನೆರಳು ಫೋಟೋದಲ್ಲಿ ಅಚ್ಚಾಗಿಬಿಡುತ್ತದೆ. ಗೇಮ್‌ನಲ್ಲಿ ಬೆಳಕು ಯಾವ ಕಡೆಯಿಂದ ಬಂದರೂ ಆ ನೆರಳು ಅಲ್ಲೇ ಇರುತ್ತದೆ, ನೋಡಿದ ಕೂಡಲೇ ಸುಳ್ಳು ಅಂತ ಗೊತ್ತಾಗುತ್ತದೆ. ಮೋಡ ಕವಿದಾಗ ಬೆಳಕು ಎಲ್ಲ ಕಡೆ ಒಂದೇ ಸಮ. ಮಳೆ ನಿಂತು ಕಲ್ಲು ಸ್ವಲ್ಪ ಆರುವ ತನಕ ಕಾಯಬೇಕು, ಇಲ್ಲದಿದ್ದರೆ ನೀರಿನ ಹೊಳಪು ಸೇರಿಕೊಳ್ಳುತ್ತದೆ. ಆ ಹೊತ್ತಿಗೆ ಮೇಲೆ ಪಾಚಿಯ ಹಸಿರು, ಅದರಡಿ ಹಳೇ ಕಪ್ಪು, ಚಕ್ಕೆ ಎದ್ದ ಕಡೆ ಹಸಿ ಕೆಂಪು, ಮೂರೂ ಬಣ್ಣ ಕಾಣುತ್ತವೆ.

ಗೋಡೆ, ಮೂಲೆ, ಬುರುಜು, ಮೆಟ್ಟಿಲು, ಕಮಾನು ಎಲ್ಲವನ್ನೂ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಬೇರೆ ಬೇರೆ ತುಂಡಾಗಿ ಮಾಡಿದೆ. ಯಾವ ತುಂಡನ್ನು ಯಾವುದರ ಪಕ್ಕ ಇಟ್ಟರೂ ಸಂದು ಬಿಡದೆ ಕೂಡಬೇಕು. ಇದಕ್ಕೆ ಮಾಡ್ಯುಲರ್ ಕಿಟ್ ಅನ್ನುತ್ತಾರೆ. ಕಲಾವಿದರು ಕೆಲಸ ತೋರಿಸುವ ಆರ್ಟ್‌ಸ್ಟೇಷನ್ ವೆಬ್‌ಸೈಟಿನಲ್ಲಿ ಹಾಕುವಾಗ ಮುಗಿದ ಚಿತ್ರದ ಕೆಳಗೆ ವೈರ್‌ಫ್ರೇಮ್ (ಮಾದರಿಯ ಬರೀ ಗೆರೆಗಳ ಬಲೆ), ಒಂದೊಂದು ತುಂಡು ಎಷ್ಟು ತ್ರಿಕೋನಗಳಿಂದ ಆಗಿದೆ ಅನ್ನುವ ಟ್ರಯಾಂಗಲ್ ಲೆಕ್ಕ, ಟೆಕ್ಸ್ಚರ್ ಅಳತೆ ಕೊಟ್ಟೆ. ಕೊನೆಗೆ ಅದೇ ತುಂಡುಗಳಿಂದ ಗೇಮ್ ಕಟ್ಟುವ ಸಾಫ್ಟ್‌ವೇರ್ ಅನ್ರಿಯಲ್ ಒಳಗೆ ಪೂರ್ತಿ ಬೇರೆಯೇ ಒಂದು ಕಟ್ಟಡ ಕಟ್ಟಿ ತೋರಿಸಿದೆ. ಆ ಕೊನೆಯ ಚಿತ್ರ ನೋಡಿಯೇ ಒಂದು ಸಣ್ಣ ತಂಡ ಬರೆಯಿತು: ಇದೇ ಥರ ಮರಳುಗಲ್ಲಿನ ಕಿಟ್ ಮಾಡಿಕೊಡುತ್ತೀರಾ?

ಸುಮ್ನೆ ಕಾದರೆ ಮಾತ್ರ ಸಾಲದು, ಹುಡುಕಲೂ ಬೇಕು. ರೆಡ್ಡಿಟ್‌ನಲ್ಲಿ ಗೇಮ್ ಕೆಲಸದ ಜಾಹೀರಾತು ಹಾಕುವ ಗೇಮ್‌ಡೆವ್ ಕ್ಲಾಸಿಫೈಡ್ಸ್ ಗುಂಪಿನಲ್ಲಿ 'ಪೇಯ್ಡ್' (ದುಡ್ಡು ಕೊಡುವ ಕೆಲಸ) ಅಂತ ಗುರುತು ಹಾಕಿದವನ್ನಷ್ಟೇ ಓದುತ್ತೇನೆ. ಗೇಮ್ ಮಾರಾಟವಾದ ಮೇಲೆ ಪಾಲು ಕೊಡುತ್ತೇವೆ ಅನ್ನುವವರು ಬೇಕಾದಷ್ಟಿದ್ದಾರೆ. ಕೆಟ್ಟವರೇನಲ್ಲ, ಆದರೆ ಎಷ್ಟೋ ಗೇಮ್‌ಗಳು ಮುಗಿಯುವುದೇ ಇಲ್ಲ. ಗೇಮ್ ಜಾಮ್, ಅಂದರೆ ಕೆಲವೇ ದಿನದಲ್ಲಿ ಒಂದು ಗೇಮ್ ಮಾಡುವ ಕೂಟ, ಬೇರೆ ವಿಷಯ. ಲೂಡಮ್ ಡೇರ್ 2002ರಿಂದ ನಡೆಯುತ್ತಿದೆ, ತಂಡವಾಗಿ ಸೇರಿದರೆ 72 ಗಂಟೆಯಲ್ಲಿ ಒಂದು ಗೇಮ್ ಮುಗಿಸಬೇಕು. ಅಲ್ಲಿ ದುಡ್ಡಿಲ್ಲ. ಆದರೆ ಯಾರು ಹಿಡಿದ ಕೆಲಸ ಮುಗಿಸುತ್ತಾರೆ ಅಂತ ಒಂದೇ ವಾರಾಂತ್ಯದಲ್ಲಿ ಗೊತ್ತಾಗುತ್ತದೆ, ನಿಮ್ಮ ಬಗ್ಗೆ ಅವರಿಗೂ ಗೊತ್ತಾಗುತ್ತದೆ. ನನ್ನ ಖಾಯಂ ಗಿರಾಕಿಗಳಲ್ಲಿ ಕೆಲವರು ಹೀಗೆ ಜಾಮ್‌ನಲ್ಲಿ ಜೊತೆಯಾದವರೇ.

ಬಿಡಿ ಕೆಲಸ ಸಿಗುವ ಫೈವರ್ ವೆಬ್‌ಸೈಟು ನಮ್ಮ ಗಳಿಕೆಯಲ್ಲಿ ಶೇ 20 ಹಿಡಿದುಕೊಳ್ಳುತ್ತದೆ, ಅದನ್ನು ಮೊದಲೇ ರೇಟಿಗೆ ಸೇರಿಸಿ. ಮಾಡಿಟ್ಟ ಕಿಟ್ಟನ್ನು ನೇರವಾಗಿ ಮಾರಲೂಬಹುದು. ಇಂಥ ತುಂಡುಗಳನ್ನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಯೂನಿಟಿ ಅಸೆಟ್ ಸ್ಟೋರ್ ಶೇ 30 ತೆಗೆದುಕೊಳ್ಳುತ್ತದೆ, 2024ರಲ್ಲಿ ಶುರುವಾದ ಎಪಿಕ್ ಕಂಪನಿಯ ಫ್ಯಾಬ್ ಶೇ 12. ಇದರಿಂದ ಬರುವ ದುಡ್ಡು ಮಳೆಗಾಲದ ಹನಿಯಷ್ಟೇ, ಜೀವನ ನಡೆಯುವುದಿಲ್ಲ. ಆದರೂ ಕೊಂಡವನಿಗೆ ಇನ್ನೊಂದು ಗೋಪುರ ಬೇಕಾದಾಗ ನಿಮಗೇ ಬರೆಯುತ್ತಾನೆ, ಅಲ್ವಾ?

ಅರ್ಜಿ ಪತ್ರ ಉದ್ದ ಬೇಡ. "ನಿಮ್ಮ ಡೆಮೊ ಆಡಿದೆ. ಎರಡನೇ ಹಂತದ ಗುಹೆಯಲ್ಲಿ ಒಂದೇ ಬಂಡೆ ಪದೇಪದೇ ಕಾಣುತ್ತದೆ. ಅಂಥದ್ದನ್ನು ನಾನು ಸರಿಮಾಡಿದ ಕೆಲಸ ಇಲ್ಲಿದೆ. ರೇಟ್ ಇಷ್ಟು, ಈ ತಿಂಗಳು ಬಿಡುವಿದೆ." ನಾನು ಬರೆಯುವುದು ಇಷ್ಟೇ. ರೇಟ್ ಹೇಳಲು ನಾಚಿಕೆ ಪಡಬೇಡಿ. ಹೇಳದಿದ್ದರೆ ನಾಲ್ಕು ಮೇಲ್ ಜಾಸ್ತಿ ಆಗುತ್ತದೆ, ಅಷ್ಟರಲ್ಲಿ ಬೇರೆಯವರು ಸಿಕ್ಕಿರುತ್ತಾರೆ.

ಮುಂಗಡ ಇಲ್ಲದೆ ಕೆಲಸ ಹಿಡಿಯುವುದಿಲ್ಲ. ಬೂದು ಬಣ್ಣದ ಕಚ್ಚಾ ಮಾದರಿಗೆ ಒಂದು ಕಂತು, ಟೆಕ್ಸ್ಚರ್ ಮುಗಿದ ಮೇಲೆ ಒಂದು, ಮೂಲ ಫೈಲ್ ಕೊಡುವ ಮೊದಲು ಕೊನೆಯದು. ಎಷ್ಟು ಸಲ ತಿದ್ದಿಕೊಡುತ್ತೇನೆ ಅಂತಲೂ ಬರೆದಿಡುತ್ತೇನೆ. ಒಂದು ಸ್ಟುಡಿಯೋ ಟೆಸ್ಟ್ ಅಂತ ಹೇಳಿ ಇಡೀ ಕೋಣೆಯನ್ನೇ ಮಾಡಿಸಿಕೊಂಡು ಮಾತು ನಿಲ್ಲಿಸಿತು. ಅಷ್ಟು ದೊಡ್ಡ ಟೆಸ್ಟ್‌ಗೆ ದುಡ್ಡು ಕೇಳುವುದು ನಮ್ಮ ಹಕ್ಕು. ಇನ್ನು, "ಪ್ರಾಜೆಕ್ಟ್ ವಿವರ ಒಳಗಿದೆ" ಅಂತ ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬಂದರೆ ತೆರೆಯಲೇಬೇಡಿ. ಕಲಾವಿದರ ಖಾತೆ ಕದಿಯಲು ವೈರಸ್ ಕಳಿಸುವ ದಾರಿ ಅದು. ನಿಜವಾದ ಗಿರಾಕಿ ನೋಡಲು ಲಿಂಕ್ ಕೊಡುತ್ತಾನೆ.

ಈಗ ಎಐ ಪ್ರಶ್ನೆಯೂ ಬರುತ್ತದೆ. ಎಐ ಬಳಸಿದ್ದರೆ ತಿಳಿಸಬೇಕು ಅಂತ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2024ರ ಜನವರಿಯಲ್ಲಿ ನಿಯಮ ತಂದಿತು. ಹಾಗಾಗಿ ಗಿರಾಕಿಗಳು ಮೊದಲೇ ಕೇಳಿಕೊಳ್ಳುತ್ತಾರೆ. ನಾನು ಮೂಲ ಫೋಟೋ, ನಡುನಡುವಿನ ಬ್ಲೆಂಡರ್ ಫೈಲ್ ಎಲ್ಲ ತಾರೀಕಿನ ಸಮೇತ ಇಟ್ಟುಕೊಂಡು, ಕೇಳುವ ಮೊದಲೇ ತೋರಿಸುತ್ತೇನೆ.

ಊರಲ್ಲಿದ್ದು ಮಾಡಲು ಇನ್ನೆರಡು ತಯಾರಿ ಬೇಕು. ಜೂನ್ ಬಂತೆಂದರೆ ಕರೆಂಟ್ ಹೋಗುವುದು ಮಾಮೂಲು. ಇನ್ವರ್ಟರ್ ಇರಲಿ, ದೊಡ್ಡ ಫೈಲ್ ಕಳಿಸುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದವರಿಗೆ ಬೇಸಿಗೆಯ ಬೆಳಿಗ್ಗೆ 10 ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆ. ಅಂಥ ಮೀಟಿಂಗ್ ವಾರಕ್ಕೆ ಒಂದೇ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.