ಈ ಹೊತ್ತಿಗೆ ಬೇಕಾದಷ್ಟು

ಮಲ್ಪೆ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ನನ್ನ ಕೆಲಸ. ಫೋನಿನಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ ಬಿಟ್ಟು ಈಗ ಮೂರು ವರ್ಷ ದಾಟಿತು. ನಡುವೆ ಒಂದು ರಾತ್ರಿ ಜಾರಿದ್ದೇನೆ, ಅದನ್ನೂ ಹೇಳುತ್ತೇನೆ. ಶುರುವಿನಲ್ಲಿ "ಮೂರು ತಿಂಗಳು ನೋಡುವ" ಅಂದಿದ್ದ ನನ್ನ ಭಾವನೇ ಹೋದ ತಿಂಗಳು ತಮ್ಮ ಆಫೀಸಿನ ಹುಡುಗನೊಬ್ಬನನ್ನು ನನ್ನ ಹತ್ತಿರ ಕಳಿಸಿದರು. ಆಮೇಲೆ ಬರೆಯುವ ಧೈರ್ಯ ಬಂತು.

ಪ್ರಾರ್ಥನೆ ಮಾಡಬೇಕು, ಸತ್ಯವೇದ ಓದಬೇಕು, ಸಭೆ ತಪ್ಪಿಸಬಾರದು. ಇದೆಲ್ಲ ನಿಮಗೆ ಗೊತ್ತು. ನನಗೂ ಗೊತ್ತಿತ್ತು. ಆಡುತ್ತಿದ್ದ ಎರಡೂ ವರ್ಷ ಚರ್ಚ್ ತೆರೆದಿದ್ದ ಒಂದು ಭಾನುವಾರವೂ ನಾನು ತಪ್ಪಿಸಿದವನಲ್ಲ. ಶನಿವಾರ ರಾತ್ರಿ ಒಂದು ಗಂಟೆ ತನಕ ಎಲೆ ಎಳೆದು, ಬೆಳಿಗ್ಗೆ ಗಾಯನ ತಂಡದಲ್ಲಿ ನಿಂತು ಬೇಸ್ ಹಾಡುತ್ತಿದ್ದೆ. ನನ್ನ ಅಜ್ಜ ಮಿಷನ್ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಅವರ ಮನೆಯೊಳಗೆ ಇಸ್ಪೀಟ್ ಎಲೆ ತರುವ ಹಾಗೇ ಇರಲಿಲ್ಲ. ಅದೇ ಮನೆಯಲ್ಲಿ ಅದೇ ಜಗಲಿಯಲ್ಲಿ ಕೂತು ನಾನು ಆಡಿದೆ.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. 2020ರ ಲಾಕ್‌ಡೌನಿನಲ್ಲಿ ಶುರು. ಮೊದಲ ವಾರ ಎರಡು ಸಾವಿರ ಗೆದ್ದೆ. ಆ ಎರಡು ಸಾವಿರಕ್ಕೆ ನಾನು ಕೊಟ್ಟ ಬೆಲೆ ಹೆಚ್ಚುಕಡಿಮೆ ನಾಲ್ಕೂವರೆ ಲಕ್ಷ. ಹೆಂಡತಿಯ ಮೂರೂವರೆ ಪವನಿನ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಲಕ್ಷದ ಹತ್ತಿರ ತಂದೆ. ಬೋಟಿನ ಖರ್ಚಿಗೆ ಅಂತ ಹೇಳಿದೆ. ಅವಳು ನಂಬಿದಳು. ಎಲ್ಲಕ್ಕಿಂತ ಕೆಟ್ಟದ್ದು 2022ರ ಜೂನಿನದ್ದು. ಜೂನ್, ಜುಲೈ ಟ್ರಾಲಿಂಗ್ ನಿಷೇಧ ಅಲ್ವಾ, ಬೋಟುಗಳೆಲ್ಲ ಕಟ್ಟಿರುತ್ತವೆ, ಎಂಜಿನ್ ಬಿಚ್ಚುವ ಕೆಲಸ ಆಗಲೇ. ಒಬ್ಬ ಓನರ್ ಸ್ಪೇರ್ ತರಲು ಅಡ್ವಾನ್ಸ್ ಕೊಟ್ಟಿದ್ದರು. ನಲವತ್ತೆಂಟು ಸಾವಿರ. ಒಂದೇ ರಾತ್ರಿಯಲ್ಲಿ ಹೋಯಿತು. ಬೆಳಿಗ್ಗೆ ಅವರ ಬೋಟಿನ ಎಂಜಿನ್ ಮುಂದೆ ಕೂತಿದ್ದೆ. ಹೆಡ್ ಬಿಚ್ಚಿ ಇಟ್ಟಿದ್ದೆ, ಪಿಸ್ಟನ್ ನಾಲ್ಕೂ ಗೋಣಿ ಮೇಲೆ ಸಾಲಾಗಿ ಇದ್ದವು. ಹಾಕಲು ಹೊಸ ರಿಂಗ್ ಇಲ್ಲ, ತರಲು ದುಡ್ಡಿಲ್ಲ. ಅವರು ಬಂದು "ಸ್ಪೇರ್ ಬಂತಾ ಮಾರಾಯ?" ಅಂತ ಕೇಳಿದರು. "ಮಂಗಳೂರಿನಿಂದ ಬರಬೇಕು" ಅಂದೆ. ಅವರ ಮುಖ ನೋಡಿ ಹೇಳಿದ ಆ ಸುಳ್ಳು ಇವತ್ತಿಗೂ ಗಂಟಲಲ್ಲಿದೆ.

ಈಗ ಸೋತ ದಾರಿಗಳು.

2020ರ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಮೊಣಕಾಲೂರಿ ಪ್ರತಿಜ್ಞೆ ಮಾಡಿದೆ. ಇನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಅಂತ. ಜನವರಿ ಒಂಬತ್ತಕ್ಕೋ ಹತ್ತಕ್ಕೋ ಮುರಿಯಿತು. ಆ್ಯಪ್ ಅಳಿಸಿದೆ, ಎಷ್ಟು ಸಲ ಅಂತ ಲೆಕ್ಕ ಇಲ್ಲ. ವಾಪಸ್ ಹಾಕಲು ನಾಲ್ಕು ನಿಮಿಷ ಸಾಕು, ಮೇಲಿಂದ ಬೋನಸ್ ಬೇರೆ. ಮೂರು ದಿನ ಉಪವಾಸ ಪ್ರಾರ್ಥನೆ ಮಾಡಿದೆ. ಮೂರನೆಯ ರಾತ್ರಿ ಗಂಜಿ ಕುಡಿದು ಮಲಗಿದವನು ಎದ್ದು ಹನ್ನೊಂದು ಸಾವಿರ ಕಳೆದೆ. ಹೊಟ್ಟೆ ಖಾಲಿ ಇದ್ದಾಗ ಮನಸ್ಸಿನ ತಡೆ ಇನ್ನೂ ತೆಳುವಾಗುತ್ತದೆ. ಇದು ನನ್ನ ಅನುಭವ, ಬೇರೆಯವರದ್ದು ಬೇರೆ ಇರಬಹುದು. ಒಂದು ಪ್ರಾರ್ಥನಾ ಕೂಟಕ್ಕೂ ಹೋದೆ. ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು, "ಇವತ್ತಿಗೆ ಬಿಡುಗಡೆ ಆಯಿತು" ಅಂದರು. ಅಲ್ಲಿ ಹಾಗೆ ಒಂದೇ ದಿನಕ್ಕೆ ಕುಡಿತ ಬಿಟ್ಟವರೊಬ್ಬರನ್ನು ನಾನೇ ಬಲ್ಲೆ. ದೇವರು ಹಾಗೂ ಮಾಡುತ್ತಾನೆ. ನನಗೆ ಹಾಗೆ ಆಗಲಿಲ್ಲ. ಹದಿನೇಳು ದಿನ ತಡೆಯಿತು.

ಕಾನೂನೂ ಒಂದು ದಾರಿ ತೋರಿಸಿತ್ತು. 2021ರ ಅಕ್ಟೋಬರಿನಲ್ಲಿ ಕರ್ನಾಟಕದಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ಬಂದು ದುಡ್ಡು ಕಟ್ಟುವ ಆನ್‌ಲೈನ್ ಆಟ ನಿಂತಿತು. ನನ್ನ ಆ್ಯಪ್ ತೆರೆದರೆ ನಿಮ್ಮ ರಾಜ್ಯದಲ್ಲಿ ಇಲ್ಲ ಅಂತ ಬರುತ್ತಿತ್ತು. ನಾಲ್ಕು ತಿಂಗಳು ಆರಾಮವಾಗಿದ್ದೆ. ಗೆದ್ದೆ ಅಂದುಕೊಂಡೆ, ಕೂಟದಲ್ಲಿ ಎದ್ದು ಸಾಕ್ಷಿ ಕೂಡ ಹೇಳಿದೆ. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿ ರದ್ದು ಮಾಡಿತು. ಆ್ಯಪ್ ಮತ್ತೆ ತೆರೆದ ವಾರವೇ ನಾನು ಮೊದಲಿಗಿಂತ ಜೋರಾಗಿ ಕೂತೆ. ಮತ್ತಾಯ 12ರಲ್ಲಿ ಆ ಗುಡಿಸಿ ಸಿಂಗರಿಸಿದ ಖಾಲಿ ಮನೆಯ ಮಾತಿದೆಯಲ್ಲ, ಹೋದ ದೆವ್ವ ಇನ್ನೂ ಏಳನ್ನು ಕರಕೊಂಡು ಬರುವುದು. ಅದು ನನ್ನದೇ ಮನೆ. ಬಾಗಿಲು ಸರ್ಕಾರ ಹಾಕಿತ್ತು, ಒಳಗೆ ನಾನು ಏನೂ ಇಟ್ಟಿರಲಿಲ್ಲ.

ದಾರಿ ಸಿಕ್ಕಿದ್ದು ಐಸ್ ಪ್ಲಾಂಟಿನ ರಾತ್ರಿ ಕಾವಲಿನವರಿಂದ. ಕಲ್ಯಾಣಪುರ ಕಡೆಯ ಕಥೋಲಿಕರು, ಆಗಲೇ ಅರವತ್ತು ದಾಟಿತ್ತು. ಅವರನ್ನು ನಾವೆಲ್ಲ ಪೊರ್ಬುಗಳು ಅಂತಲೇ ಕರೆಯುವುದು. ಸೆಪ್ಟೆಂಬರಿನ ಒಂದು ರಾತ್ರಿ ಅಲ್ಲಿನ ಕಂಪ್ರೆಸರ್ ಮೋಟರ್ ಕೆಟ್ಟಿತೆಂದು ಕರೆದಿದ್ದರು. ಕೆಲಸ ಮುಗಿದ ಮೇಲೆ ಕಟ್ಟೆಯಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಯಾಕೆ ಹೇಳಿದೆನೋ, ಸುಸ್ತಾಗಿತ್ತು. ಅವರು ಬುದ್ಧಿ ಹೇಳಲಿಲ್ಲ. "ನೀವು ದೇವರ ಹತ್ತಿರ ಎಷ್ಟು ದಿನಕ್ಕೆ ಕೇಳ್ತೀರಿ?" ಅಂದರು. ಜನ್ಮಕ್ಕೆ ಅಂದೆ. "ನನ್ನನ್ನು ಯಾರೂ ಜನ್ಮಪೂರ್ತಿ ಎಚ್ಚರ ಇರಲು ಹೇಳಿಲ್ಲ. ಬೆಳಗಾಗುವ ತನಕ ಇದ್ದರೆ ಸಾಕು. ನಾಳೆ ರಾತ್ರಿದು ನಾಳೆ."

ಮನೆಗೆ ಬಂದು ವಿಮೋಚನಕಾಂಡ 16 ತೆಗೆದೆ. ಮನ್ನದ ಅಧ್ಯಾಯ. ಮನ್ನ ಅಂದರೆ ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಆಕಾಶದಿಂದ ಕೊಟ್ಟ ಆಹಾರ. ಆ ದಿನಕ್ಕೆ ಬೇಕಾದಷ್ಟೇ ಕೂಡಿಸಬೇಕು. ನಾಳೆಗೆ ಅಂತ ಇಟ್ಟುಕೊಂಡವರದ್ದು ಹುಳ ಬಿದ್ದು ನಾರಿತು. ನನ್ನ ಪ್ರತಿಜ್ಞೆಗಳೆಲ್ಲ ಹಾಗೆ ಕೂಡಿಟ್ಟ ಮನ್ನ ಅಂತ ಆಗ ಕಂಡಿತು. ಕರ್ತನ ಪ್ರಾರ್ಥನೆಯಲ್ಲೂ ನಾವು ಅನುದಿನದ ಆಹಾರವನ್ನು "ಈ ಹೊತ್ತು" ಕೊಡು ಅಂತ ಕೇಳುವುದು. ಸ್ವಲ್ಪ ಮುಂದೆ ಹೋದರೆ ಶೋಧನೆಯ, ಅಂದರೆ ಆಸೆ ತೋರಿಸಿ ಬೀಳಿಸುವುದರ ಮಾತು. ನಲವತ್ತು ವರ್ಷ ಬಾಯಲ್ಲಿ ಹೇಳಿದ್ದೆ, ಎರಡನ್ನೂ ಸೇರಿಸಿ ನೋಡಿರಲಿಲ್ಲ.

ಮಾಡಿದ್ದು ಹೀಗೆ. ನನ್ನ ಕೆಟ್ಟ ಹೊತ್ತು ರಾತ್ರಿ ಹತ್ತೂವರೆಯಿಂದ ಹನ್ನೆರಡೂವರೆ. ಆ ಎರಡು ಗಂಟೆಗೆ ಮಾತ್ರ ಬಲ ಕೇಳುವುದು. ನಾಳೆಯ ಹೆಸರೆತ್ತುವ ಹಾಗಿಲ್ಲ. ಸ್ಮಾರ್ಟ್ ಫೋನ್ ಹೆಂಡತಿಯ ಕೈಗೆ, ನನ್ನ ಹತ್ತಿರ ಬಟನ್ ಫೋನ್. ಅದಕ್ಕೆ ಮೊದಲು ಅವಳಿಗೆ ಎಲ್ಲ ಹೇಳಬೇಕಾಯಿತು, ಬಳೆಯ ವಿಷಯ ಸಹಿತ. ಮೂರು ದಿನ ಅವಳು ಮಾತಾಡಲಿಲ್ಲ. ನಾಲ್ಕನೆಯ ದಿನ ಬ್ಯಾಂಕ್ ಕಾರ್ಡ್ ಕೇಳಿ ತೆಗೆದುಕೊಂಡಳು. ದುಡ್ಡಿನ ವ್ಯವಸ್ಥೆ ನಾವಿಬ್ಬರು ಹೇಗೆ ಮಾಡಿಕೊಂಡೆವು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರಲ್ಲಿ ತೂತು ಹುಡುಕುವವರೂ ಓದುತ್ತಾರೆ. ಮುಖತಃ ಬಂದರೆ ಹೇಳುತ್ತೇನೆ.

ಬೇರಿಂಗ್ ಬರುವ ರಟ್ಟಿನ ಪೆಟ್ಟಿಗೆ ಕತ್ತರಿಸಿ ನಾಲ್ಕು ಚೀಟಿ ಮಾಡಿದೆ. ಒಂದರಲ್ಲಿ ಧರ್ಮೋಪದೇಶಕಾಂಡ 8:3, ಒಂದರಲ್ಲಿ ಒಂದನೆಯ ಕೊರಿಂಥ 10:13, ಒಂದರಲ್ಲಿ ಯಾಕೋಬ 4:7. ನಾಲ್ಕನೆಯದ್ದು ನನ್ನದು, ಅದನ್ನು ನೀವು ನಿಮಗಾಗಿ ಹುಡುಕಿಕೊಳ್ಳಬೇಕು. ಆಸೆ ಎದ್ದ ಕೂಡಲೇ ಹಾಸಿಗೆ ಬಿಟ್ಟು ಜಗಲಿಗೆ ಬಂದು, ನಿಂತುಕೊಂಡು, ಬಾಯಿ ಬಿಟ್ಟು ಓದುವುದು. ಮನಸ್ಸಿನಲ್ಲಿ ಓದಿದರೆ ಆಗುವುದಿಲ್ಲ. ಮತ್ತಾಯ 4ರಲ್ಲಿ ಯೇಸು ಮೂರು ಸಲವೂ ಬರೆದಿರುವ ಮಾತನ್ನೇ ಹೇಳಿದ, ಸೈತಾನನ ಹತ್ತಿರ ವಾದಕ್ಕೆ ಇಳಿಯಲಿಲ್ಲ. ಮೂರೂ ಧರ್ಮೋಪದೇಶಕಾಂಡದವೇ. ನಾನು ಮೊದಲು ವಾದ ಮಾಡುತ್ತಿದ್ದೆ. ಇನ್ನೂರು ರೂಪಾಯಿ ಮಾತ್ರ, ಒಂದೇ ಟೇಬಲ್ ಮಾತ್ರ ಅಂತ ಅದು ಹೇಳುತ್ತದೆ, ನಾನು ಬೇಡ ಅನ್ನುತ್ತೇನೆ. ವಾದದಲ್ಲಿ ಅದೇ ಗೆಲ್ಲುತ್ತದೆ, ಯಾಕೆಂದರೆ ನನ್ನ ವಿಷಯ ಅದಕ್ಕೆ ಪೂರ್ತಿ ಗೊತ್ತು.

ಆಮೇಲೆ ಪೊರ್ಬುಗಳಿಗೆ ಫೋನ್. ಅವರು ಹೇಗೂ ಎಚ್ಚರ. ನಮ್ಮೊಳಗೆ ಒಂದು ನಿಯಮ. ಕಾರಣ, ಕಥೆ ಏನೂ ಇಲ್ಲ. ನಾನು "ಬಂತು" ಅನ್ನುವುದು. ಅವರು "ಆಯ್ತು, ನಾನಿದ್ದೇನೆ" ಅನ್ನುವುದು. ಫೋನ್ ಇಟ್ಟು ಅವರು ಅಲ್ಲಿ ತೇರ್ಸ್, ಅಂದರೆ ಜಪಮಾಲೆ ಹಿಡಿಯುತ್ತಾರೆ, ನಾನು ಇಲ್ಲಿ ಚೀಟಿ ಓದುತ್ತೇನೆ. ಆಸೆ ಹೋದ ಮೇಲೆ ನನ್ನದೊಂದು ಮಿಸ್ಡ್ ಕಾಲ್.

ಮೊದಲ ರಾತ್ರಿ ಹತ್ತೂ ಐವತ್ತಕ್ಕೆ ಬಂತು. ಮಳೆ ಸುರಿಯುತ್ತಿತ್ತು. ಕೈಬೆರಳು ಗಾಳಿಯಲ್ಲೇ ಎಲೆ ಎಳೆಯುವ ಹಾಗೆ ಆಡುತ್ತಿತ್ತು, ಅದಕ್ಕೆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದೆ. ರಟ್ಟಿಗೆ ಗ್ರೀಸಿನ ವಾಸನೆ. ಒಂದು ವಚನ ಹತ್ತು ಸಲವಾದರೂ ಓದಿರಬೇಕು. ಗಡಿಯಾರ ನೋಡಿದಾಗ ಹನ್ನೊಂದೂ ಇಪ್ಪತ್ತು. ಆಸೆ ಹೋಗಿತ್ತು ಅಂತ ಹೇಳಲಾರೆ. ಇಳಿದಿತ್ತು. ಭರತದ ನೀರು ಇಳಿದ ಹಾಗೆ.

ಎಂಜಿನ್ ಗಂಟೆ ಬರೆಯುವ ಲಾಗ್ ಪುಸ್ತಕದಲ್ಲೇ ಲೆಕ್ಕ ಇಟ್ಟೆ. ಮೊದಲ ತಿಂಗಳು ಇಪ್ಪತ್ತಾರು ರಾತ್ರಿ ಬಂದಿದೆ, ಒಂದೊಂದು ಸಲಕ್ಕೆ ಅರ್ಧ ಗಂಟೆ. ಡಿಸೆಂಬರಿನಲ್ಲಿ ಹದಿನೈದು ರಾತ್ರಿ ಇರಬೇಕು, ಹತ್ತು ಹನ್ನೆರಡು ನಿಮಿಷ. ಮುಂದಿನ ಮೇ ತಿಂಗಳಲ್ಲಿ ಮೂರೋ ನಾಲ್ಕೋ. ಬಂದರಿನಲ್ಲಿ ನನ್ನ ಹಾಗೆ ಆಡುತ್ತಿದ್ದವರು ಏಳೆಂಟು ಜನ. ಅವರಲ್ಲಿ 2025ರ ಕಾನೂನು ಬರುವ ಮೊದಲೇ ಹೊರಗೆ ಬಂದವನು ನಾನೊಬ್ಬನೇ. ಇದನ್ನು ಹೇಳುವಾಗ ನನಗೆ ಸಂತೋಷ ಆಗುತ್ತದೆ, ಮುಚ್ಚಿಡುವುದಿಲ್ಲ.

ಒಪ್ಪದವರು ಇದ್ದರು. ಸಭೆಯ ಹಿರಿಯರೊಬ್ಬರು "ದೇವರ ಹತ್ತಿರ ಎರಡು ಗಂಟೆಗೆ ಮಾತ್ರ ಕೇಳುವುದಾ? ನಿನ್ನ ವಿಶ್ವಾಸ ಸಣ್ಣದು" ಅಂದರು. ಚೀಟಿ, ಗಡಿಯಾರ, ಲಾಗ್ ಪುಸ್ತಕ ಎಲ್ಲ ಅವರಿಗೆ ಮನುಷ್ಯರ ಕಸರತ್ತು. ನಾನು ಎದುರು ಮಾತಾಡಲಿಲ್ಲ. ಆದರೆ ಈಗ ಹೇಳುತ್ತೇನೆ. ಜನ್ಮಕ್ಕೆ ಒಂದೇ ಸಲ ಕೇಳಿದಾಗ ನಾನು ವರ್ಷಕ್ಕೊಮ್ಮೆ ದೇವರ ಹತ್ತಿರ ಹೋಗುತ್ತಿದ್ದೆ. ಈಗ ದಿನಾ ಹೋಗಬೇಕು. ಡೀಸೆಲ್ ಫಿಲ್ಟರಿನ ನೀರನ್ನು ದಿನಾ ಬಿಟ್ಟ ಎಂಜಿನ್ ಸಮುದ್ರದ ನಡುವೆ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ ಬಿಟ್ಟರೆ ಏನಾಗುತ್ತದೆ ಅಂತ ಬೋಟಿನವರನ್ನು ಕೇಳಿ.

ಜಾರಿದ ರಾತ್ರಿ 2023ರ ಫೆಬ್ರವರಿಯದ್ದು. ಮದುವೆ ಮನೆಯಲ್ಲಿ ಪರಿಚಯದವರ ಫೋನ್ ಕೈಗೆ ಬಂತು. ಆರುನೂರು ರೂಪಾಯಿ ಹೋಯಿತು. ಮೊದಲಾಗಿದ್ದರೆ "ಹೇಗೂ ಮುರಿಯಿತಲ್ಲ" ಅಂತ ಆರು ಸಾವಿರ ಹೋಗುತ್ತಿತ್ತು. ಬೆಳಿಗ್ಗೆ ಐದೂವರೆಗೆ ಐಸ್ ಪ್ಲಾಂಟಿಗೆ ಹೋಗಿ ಹೇಳಿದೆ. ಪೊರ್ಬುಗಳು ಚಹಾ ಕೊಟ್ಟರು. "ನಿನ್ನೆಯ ಮನ್ನ ಇವತ್ತಿಗೆ ಇಲ್ಲ ಅಂದರೆ ನಿನ್ನೆಯ ಸೋಲೂ ಇವತ್ತಿಗೆ ಬೇಡ" ಅಂದರು. ಹೆಂಡತಿಗೆ ಆ ದಿನವೇ ಹೇಳಿದೆ. ರಾತ್ರಿ ಹತ್ತೂವರೆಗೆ ಮತ್ತೆ ಚೀಟಿ.

ಬೇರೆ ಕೆಲವು ಪ್ರಯೋಗ ಮಾಡಿದ್ದೇನೆ. ರಾತ್ರಿ ಬೀಚಿಗೆ ನಡೆಯುವುದು ಆಗಲಿಲ್ಲ, ಅಲ್ಲಿ ಹಳೆ ಜೊತೆಗಾರರು ಸಿಗುತ್ತಾರೆ. ಫೋನಿನಲ್ಲಿ ಪ್ರಸಂಗ ಕೇಳುವುದು ಅದಕ್ಕಿಂತ ಅಪಾಯ, ಫೋನೇ ಕೈಯಲ್ಲಿರುತ್ತದೆ. ಕೀರ್ತನೆ 119 ಬಾಯಿಪಾಠಕ್ಕೆ ಹೊರಟೆ. 176 ವಚನ, ಎಂಟೆಂಟರ ಇಪ್ಪತ್ತೆರಡು ಭಾಗ. ಮೂರು ಭಾಗಕ್ಕೆ ನಿಂತಿದ್ದೇನೆ, ಆದರೆ ಆ ಮೂರು ಗಟ್ಟಿ. ತುಳುವಿನ ಪ್ರಯೋಗ ಚೆನ್ನಾಗಿ ಆಯಿತು. ನಮ್ಮದು ಮನೆಯಲ್ಲಿ ತುಳು, ಸಭೆಯಲ್ಲಿ ಕನ್ನಡ. ಕನ್ನಡದ ಪ್ರಾರ್ಥನೆ ನನಗೆ ಉರುಳಿಕೊಂಡು ಹೋಗುತ್ತದೆ, ಅರ್ಥ ನಿಲ್ಲುವುದಿಲ್ಲ. ಅದನ್ನೇ ತುಳುವಿನಲ್ಲಿ ನನ್ನ ಮಾತಾಗಿ ಹೇಳಲು ಹೋದರೆ ಪ್ರತಿ ಶಬ್ದಕ್ಕೂ ನಿಲ್ಲಬೇಕು. ಅಮ್ಮನ ಹತ್ತಿರ ಕೇಳುವ ಹಾಗೆ ಆಗುತ್ತದೆ. ತಡೆಯಲಾರದ ರಾತ್ರಿ ಈಗಲೂ ಹಾಗೆ ಮಾಡುತ್ತೇನೆ.

ಉಪವಾಸವನ್ನು ಪೂರ್ತಿ ಬಿಡಲಿಲ್ಲ, ಹೊತ್ತು ಬದಲಿಸಿದೆ. ಶುಕ್ರವಾರ ಮಧ್ಯಾಹ್ನ ಮಾತ್ರ. ಹೋಟೆಲಿನ ಮೀನಿನ ಊಟದ ಎಂಬತ್ತು ರೂಪಾಯಿ ಡಬ್ಬಕ್ಕೆ. ವರ್ಷಕ್ಕೆ ನಾಲ್ಕು ಸಾವಿರದ ಹತ್ತಿರ. ಅದು ಆ ಓನರಿನ ನಲವತ್ತೆಂಟು ಸಾವಿರಕ್ಕೆ ಹೋಯಿತು. ಉಳಿದದ್ದು ಕೂಲಿಯಲ್ಲಿ ಮುರಿದು ಒಂದೂವರೆ ವರ್ಷದಲ್ಲಿ ತೀರಿಸಿದೆ. ಸತ್ಯ ಹೇಳಿದ ದಿನ ಅವರು ಬೈದರು, ಸರಿಯಾಗಿಯೇ ಬೈದರು. ಕೆಲಸ ಮಾತ್ರ ಬಿಡಿಸಲಿಲ್ಲ. ಬಳೆ 2024ರ ಕೊನೆಗೆ ಬಿಡಿಸಿಕೊಂಡೆವು.

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟಿನಲ್ಲೇ ಕಾನೂನು ಆಗಿ ದುಡ್ಡಿನ ಆನ್‌ಲೈನ್ ಆಟಗಳಿಗೆ ನಿಷೇಧ ಬಂತು. ಒಳ್ಳೆಯದೇ ಆಯಿತು. ಆದರೆ ಆಡುತ್ತಿದ್ದ ಹುಡುಗರ ರಾತ್ರಿ ಹಾಗೇ ಉಳಿದಿದೆ. ಇಬ್ಬರು ಕುಡಿತಕ್ಕೆ ಜಾರಿದರು, ಒಬ್ಬ ಷೇರು ಅಂತ ಫೋನ್ ಹಿಡಿದು ಕೂತಿದ್ದಾನೆ.

ಈಗ ಮೂರು ಹುಡುಗರು ನನ್ನ ಬಟನ್ ಫೋನಿಗೆ ಕರೆ ಮಾಡುತ್ತಾರೆ. ಪೊರ್ಬುಗಳಿಗೆ ಕಾಲುನೋವು, ಕಾವಲು ಬಿಟ್ಟು ಮನೆಯಲ್ಲಿದ್ದಾರೆ. ಭಾವ ಕಳಿಸಿದ ಹುಡುಗ ಮೊದಲ ವಾರ ಏಳೂ ರಾತ್ರಿ ಕರೆ ಮಾಡಿದ. ಕಷ್ಟ ಇರುವುದು ಬೋಟಿಗೆ ಹೋಗುವವನದ್ದು. ಹತ್ತು ದಿನ ಆಳಸಮುದ್ರದಲ್ಲಿ ನೆಟ್‌ವರ್ಕ್ ಇಲ್ಲ, ಅಲ್ಲಿ ಅವನು ಚೆನ್ನಾಗಿರುತ್ತಾನೆ. ದಡಕ್ಕೆ ಬಂದು ಪಾಲು ಕೈಗೆ ಸಿಕ್ಕಿದ ಮೊದಲ ರಾತ್ರಿ ಬೀಳುತ್ತಾನೆ. ಮೂರು ಸಲ ಹಾಗೇ ಆಯಿತು. ಚೀಟಿ ಬೋಟಿನಲ್ಲಿ ಒದ್ದೆಯಾಗಿ ಹೋಗುತ್ತದೆ ಅಂತ ಈ ಸಲ ಪ್ಲಾಸ್ಟಿಕ್ ಹಾಕಿಸಿ ಕೊಟ್ಟಿದ್ದೇನೆ. ಬೋಟ್ ಗುರುವಾರ ಬರಬೇಕು. ಈ ಸಲ ಅವನ ಫೋನಿಗೆ ಕಾಯುವುದಿಲ್ಲ. ಮೀನು ಇಳಿಸುವ ಹೊತ್ತಿಗೆ ನಾನೇ ಬಂದರಿನ ಧಕ್ಕೆಯಲ್ಲಿ ಇರುತ್ತೇನೆ.