ದೂರುವ ಮೊದಲು ಎಣಿಸಿ: ಮಗುವಿನ ನಡತೆಯ ಹಿಂದೆ ಯಾರಿದ್ದಾರೆ?

ಮಗು ಕೆಟ್ಟ ಮಾತು ಕಲಿತರೆ ಮನೆಯವರು ಶಾಲೆಯತ್ತ ಬೆರಳು ತೋರಿಸುತ್ತಾರೆ, ಶಿಕ್ಷಕರು ಮನೆಯತ್ತ. ಇಬ್ಬರೂ ರಾಜಿಯಾಗುವುದು ‘ಸಹವಾಸ ದೋಷ’ ಎಂಬಲ್ಲಿ ಮಾತ್ರ. ಶಾಲೆಯಲ್ಲಿ ಆಪ್ತಸಮಾಲೋಚನೆ ಮಾಡುವ ನನಗೆ, ಮನೆಯವರು, ಶಿಕ್ಷಕರು, ಗೆಳೆಯರು ಈ ಮೂವರಲ್ಲಿ ಯಾರ ಪ್ರಭಾವ ಹೆಚ್ಚು ಎಂಬ ಪ್ರಶ್ನೆ ಇಡಿಯಾಗಿ ಕೆಲಸಕ್ಕೆ ಬರುವುದಿಲ್ಲ. ಅದನ್ನು ಒಡೆದು ಕೇಳಿಕೊಳ್ಳುತ್ತೇನೆ: ಯಾವ ನಡತೆ, ಎಲ್ಲಿ, ಯಾರ ಎದುರು, ಮಾಡಿದ ಮೇಲೆ ಮಗುವಿಗೆ ಸಿಕ್ಕಿದ್ದೇನು? ಒಂದೇ ಮಗುವಿನ ಬೈಗುಳಕ್ಕೆ ಗೆಳೆಯರು, ಮಲಗುವ ಹೊತ್ತಿನ ಹಠಕ್ಕೆ ಮನೆಯವರು, ಗಣಿತದ ಪೀರಿಯಡ್‌ನ ಗಲಾಟೆಗೆ ಬರೀ ಗಣಿತ ಕಾರಣವಿರಬಹುದು.

ಮೊದಲ ಕೆಲಸ ಎಣಿಕೆ. ಒಂದೇ ನಡತೆ, ಹತ್ತು ಶಾಲಾ ದಿನ. ‘ಒರಟ’, ‘ಮೊಂಡ’ ಎಂಬುದನ್ನು ಎಣಿಸಲಾಗದು. ‘ಕೇಳದೆ ಬೇರೆಯವರ ವಸ್ತು ಕಿತ್ತುಕೊಳ್ಳುವುದು’ ಎಂದರೆ ಎಣಿಸಬಹುದು. ವಿವರಣೆ ಸರಿಯಿದೆಯೇ ಎಂದು ತಿಳಿಯಲು ಇಬ್ಬರು ಒಂದೇ ಅರ್ಧ ಗಂಟೆ ಬೇರೆ ಬೇರೆಯಾಗಿ ಎಣಿಸಬೇಕು. ಒಬ್ಬರಿಗೆ 9, ಇನ್ನೊಬ್ಬರಿಗೆ 3 ಬಂದರೆ ತಪ್ಪು ಮಗುವಿನದಲ್ಲ, ವಿವರಣೆಯದು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಸಮಯ, ಅದಕ್ಕೆ ಮುಂಚೆ ಏನಾಯಿತು, ಮಗು ಮಾಡಿದ್ದು, ಆಮೇಲೆ ಯಾರು ಏನು ಮಾಡಿದರು. ಪಾಠ ಮಾಡುತ್ತಲೇ ಬರೆಯುವುದು ಆಗದ ಮಾತು. ಅದಕ್ಕೇ ಶಿಕ್ಷಕರ ಎಡಗೈಗೆ ಹತ್ತು ರಬ್ಬರ್ ಬ್ಯಾಂಡ್ ಹಾಕಿಸುತ್ತೇನೆ. ಒಂದು ಸಲ ನಡೆದರೆ ಒಂದನ್ನು ಬಲಗೈಗೆ ದಾಟಿಸಬೇಕು, ಪೀರಿಯಡ್ ಮುಗಿದ ಮೇಲೆ ಬರೆಯಬೇಕು. ಮನೆಯವರಿಗೆ ದಿನವಿಡೀ ಗಮನಿಸಲು ಹೇಳಿದರೆ ಮೂರನೇ ದಿನಕ್ಕೆ ಕೈಬಿಡುತ್ತಾರೆ. ನಿಗದಿಯಾದ ಒಂದು ಅರ್ಧ ಗಂಟೆ ಸಾಕು.

ಇಲ್ಲಿ ಎರಡು ಕಡೆ ಎಡವುತ್ತಾರೆ. ತನ್ನನ್ನು ಗಮನಿಸುತ್ತಿದ್ದಾರೆಂದು ಗೊತ್ತಾದ ಮಗು ಮೊದಲೆರಡು ದಿನ ತೀರಾ ಒಳ್ಳೆಯದಾಗಿಬಿಡುತ್ತದೆ, ಹಾಗಾಗಿ ಆ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಇನ್ನೊಂದು, ಏನೂ ನಡೆಯದ ದಿನವನ್ನು ಯಾರೂ ಬರೆಯುವುದಿಲ್ಲ. ಸೊನ್ನೆಯನ್ನೂ ಬರೆಯಬೇಕು. ‘ಯಾವಾಗಲೂ ಹೀಗೇ’ ಎಂದವರ ಪುಸ್ತಕದಲ್ಲೇ ವಾರಕ್ಕೆ ಮೂರು ಸೊನ್ನೆ ಸಿಗುವುದುಂಟು.

ಓದುವಾಗ ನಾಲ್ಕನೇ ಕಾಲಂನಿಂದ ಶುರು ಮಾಡುತ್ತೇನೆ. ಮನೆ, ತರಗತಿ, ಆಟದ ಬಯಲು ಮೂರರಲ್ಲೂ ನಡತೆ ಒಂದೇ ತೆರನಾಗಿದ್ದರೆ ಯಾರನ್ನೂ ದೂರುವ ಮುಂಚೆ ನಿದ್ದೆ, ಹಸಿವು, ಕಿವಿ, ಕಣ್ಣು ನೋಡಬೇಕು. ಜೊತೆಗೆ ಹುಟ್ಟುಗುಣವನ್ನೂ ಮರೆಯುವಂತಿಲ್ಲ. ಅವಳಿಗಳ ಮೇಲೆ 50 ವರ್ಷ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2015ರ ವಿಶ್ಲೇಷಣೆಯೊಂದರಲ್ಲಿ, ಎಲ್ಲ ಲಕ್ಷಣಗಳ ಸರಾಸರಿ ತೆಗೆದರೆ, ಜನರ ನಡುವಿನ ವ್ಯತ್ಯಾಸದಲ್ಲಿ ಶೇ 49ರಷ್ಟು ಆನುವಂಶಿಕ ಎಂದು ಕಂಡಿತು. ಇದು ಜನರ ನಡುವಿನ ವ್ಯತ್ಯಾಸದ ಲೆಕ್ಕ. ನಿಮ್ಮ ಮಗುವಿನ ಅರ್ಧ ಸ್ವಭಾವ ಬದಲಾಗದು ಎಂದು ಇದರರ್ಥವಲ್ಲ.

ಒಬ್ಬರೇ ಶಿಕ್ಷಕರ ಪೀರಿಯಡ್‌ನಲ್ಲಿ ಮಾತ್ರ ನಡೆಯುತ್ತಿದ್ದರೆ ಪಾಠದ ಮಟ್ಟ ನೋಡುತ್ತೇನೆ. ಗಲಾಟೆಯಾದೊಡನೆ ಮಗುವನ್ನು ಹೊರಗೆ ಕಳಿಸುತ್ತಿದ್ದಾರೆಯೇ? ಲೆಕ್ಕ ಬಾರದ ಮಗುವಿಗೆ ಅದು ಶಿಕ್ಷೆಯಲ್ಲ, ಬಿಡುಗಡೆ. ಮನೆಯಲ್ಲಿ ಮಾತ್ರ ನಡೆಯುತ್ತಿದ್ದರೆ ನಾಲ್ಕನೇ ಕಾಲಂನಲ್ಲಿ ಬಹುತೇಕ ‘ಕೊನೆಗೆ ಕೊಟ್ಟೆವು’ ಎಂದಿರುತ್ತದೆ. ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ, ಕೊಟ್ಟರೆ ಸದ್ದಡಗುತ್ತದೆ ಎಂದು ದೊಡ್ಡವರು ಕಲಿಯುತ್ತಾರೆ. ಇಬ್ಬರಿಗೂ ಲಾಭವಿರುವುದರಿಂದಲೇ ಇದು ವರ್ಷಗಟ್ಟಲೆ ನಡೆಯುತ್ತದೆ. ಕೊಡುವುದನ್ನು ನಿಲ್ಲಿಸಿದರೆ ಹಠ ಮೊದಲ ಕೆಲವು ದಿನ ಇಳಿಯುವ ಬದಲು ಏರುತ್ತದೆ. ಆಗ ನಾಲ್ಕನೇ ದಿನ ಸೋತು ಕೊಟ್ಟರೆ, ಇನ್ನೂ ಜೋರಾಗಿ ಕಿರುಚಬೇಕು ಎಂಬ ಪಾಠ ಕಲಿಸಿದಂತೆ. ಹಾಗಾಗಿ ಪರೀಕ್ಷೆ, ನೆಂಟರು, ಪ್ರಯಾಣ ಇಲ್ಲದ ವಾರ ಆರಿಸಿಕೊಳ್ಳಬೇಕು. ಅಜ್ಜಿ ತಾತ ಸೇರಿದಂತೆ ಮನೆಯ ಎಲ್ಲರೂ ಒಪ್ಪದಿದ್ದರೆ ಶುರುವೇ ಮಾಡಬೇಡಿ ಎನ್ನುತ್ತೇನೆ. ಅರ್ಧಕ್ಕೆ ಬಿಟ್ಟ ಪ್ರಯತ್ನ, ಮಾಡದೇ ಇದ್ದುದಕ್ಕಿಂತ ಕೆಟ್ಟದು.

ವಾರಿಗೆಯವರ ವಿಷಯ ಹೆಚ್ಚು ಜಟಿಲ. ಮಗು ಹೊರಗಿನ ನಡತೆಯನ್ನು ಹೊರಗೇ, ತನ್ನ ವಾರಿಗೆಯ ಗುಂಪಿನಿಂದಲೇ ಕಲಿಯುತ್ತದೆ ಎಂದು ಅಮೆರಿಕದ ಮನೋವಿಜ್ಞಾನ ಲೇಖಕಿ ಜುಡಿತ್ ರಿಚ್ ಹ್ಯಾರಿಸ್ 1995ರಲ್ಲಿ ವಾದಿಸಿದರು. ವಲಸೆ ಬಂದವರ ಮಕ್ಕಳ ಉಚ್ಚಾರಣೆ ಅಪ್ಪ ಅಮ್ಮನದಾಗದೆ ಗೆಳೆಯರದಾಗುತ್ತದೆ ಎಂಬುದು ಅವರ ಗಟ್ಟಿ ಉದಾಹರಣೆ. ಮಾತು, ಉಡುಪು, ಸಾಹಸ ಇವುಗಳ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಯಾವ ಗುಂಪು ಮಗುವಿನ ಕೈಗೆಟುಕುತ್ತದೆ ಎಂಬುದನ್ನು ಬಹುಪಾಲು ದೊಡ್ಡವರೇ ತೀರ್ಮಾನಿಸುತ್ತಾರೆ: ಮನೆ ಎಲ್ಲಿ, ಶಾಲೆ ಯಾವುದು, ಸಂಜೆ ಎಲ್ಲಿ ಕಳೆಯುತ್ತದೆ, ಯಾರ ಪಕ್ಕ ಕೂರುತ್ತದೆ. ಹೆತ್ತವರ ಮತ್ತು ಶಿಕ್ಷಕರ ನಿಜವಾದ ಹಿಡಿತ ಇರುವುದು ಇಲ್ಲೇ, ಉಪದೇಶದಲ್ಲಲ್ಲ.

ಮಗು ಕೂರುವ ಜಾಗ ಬದಲಿಸುವ ಮುಂಚೆ ತರಗತಿಯ ಒಳನಂಟು ತಿಳಿಯಬೇಕು. ಮನೋವೈದ್ಯ ಮೊರೆನೊ 1934ರಲ್ಲಿ ವಿವರಿಸಿದ ವಿಧಾನ ಈಗಲೂ ಸಾಕಾಗುತ್ತದೆ: ಯಾರ ಪಕ್ಕ ಕೂರಲು ಇಷ್ಟ ಎಂದು ಪ್ರತಿ ಮಗುವೂ ಚೀಟಿಯಲ್ಲಿ ಗುಟ್ಟಾಗಿ ಮೂರು ಹೆಸರು ಬರೆಯಬೇಕು, ಆ ಉತ್ತರಗಳನ್ನು ಒಂದು ಹಾಳೆಯಲ್ಲಿ ಬಾಣಗಳಾಗಿ ಬಿಡಿಸಬೇಕು. ಯಾರು ಇಷ್ಟವಿಲ್ಲ ಎಂದು ಮಾತ್ರ ನಾನು ಕೇಳುವುದಿಲ್ಲ. ಬಿಡುವಿನಲ್ಲಿ ಅದೇ ಚರ್ಚೆಯಾಗಿ ಒಂಟಿ ಮಗು ಇನ್ನಷ್ಟು ಒಂಟಿಯಾಗುತ್ತದೆ. ಹೆಚ್ಚು ಬಾಣ ಬಿದ್ದ, ಶಾಂತ ಸ್ವಭಾವದ ಇಬ್ಬರ ನಡುವೆ ಈ ಮಗುವನ್ನು ಕೂರಿಸುತ್ತೇನೆ. ಶಿಕ್ಷಕರು ಸಾಮಾನ್ಯವಾಗಿ ಮೊದಲ ರ‍್ಯಾಂಕಿನವರ ಪಕ್ಕ ಕೂರಿಸುತ್ತಾರೆ. ರ‍್ಯಾಂಕಿಗೂ ಬಾಣಕ್ಕೂ ಸಂಬಂಧವಿರಬೇಕೆಂದಿಲ್ಲ. ಮಕ್ಕಳು ಅನುಕರಿಸುವುದು ತಾವು ಮೆಚ್ಚುವವರನ್ನು, ಶಿಕ್ಷಕರು ಮೆಚ್ಚುವವರನ್ನಲ್ಲ. ಮೂರು ವಾರಕ್ಕೊಮ್ಮೆ ಪಕ್ಕದವರನ್ನು ಬದಲಿಸಬೇಕು, ಇಲ್ಲವಾದರೆ ಒಳ್ಳೆಯ ಮಕ್ಕಳಿಗೆ ಅದು ಕಾವಲುಗಾರಿಕೆಯಾಗುತ್ತದೆ.

ಕೀಟಲೆ ಮಾಡುವವರನ್ನೆಲ್ಲ ಒಟ್ಟಿಗೆ ಕೂರಿಸಿ ಬುದ್ಧಿ ಹೇಳುವುದು ಈ ಕೆಲಸದಲ್ಲಿ ಕಾಣುವ ಅತಿ ದೊಡ್ಡ ತಪ್ಪು. ಇಂಥ ಗುಂಪುಗಳಲ್ಲಿ ಸಮಸ್ಯೆ ಹೆಚ್ಚಾಗಬಹುದು ಎಂದು ಮನೋವಿಜ್ಞಾನಿ ಡಿಷನ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ನಿಯಮ ಮುರಿದ ಕಥೆಗೆ ಗೆಳೆಯರು ನಗುತ್ತಾರೆ, ಆ ನಗುವೇ ಬಹುಮಾನ. ಐವರ ಗುಂಪಿನಲ್ಲಿ ಅಂಥವರು ಒಬ್ಬರಿಗಿಂತ ಹೆಚ್ಚು ಇರದಂತೆ ನೋಡಿಕೊಳ್ಳುತ್ತೇನೆ.

ಹನ್ನೆರಡು ದಾಟಿದವರಲ್ಲಿ ಲೆಕ್ಕ ಬೇರೆ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಾರು ಓಡಿಸುವ ವಿಡಿಯೋ ಆಟ ಆಡಿಸಿ ನೋಡಿದಾಗ, ಜೊತೆಗಾರರು ಪಕ್ಕದಲ್ಲಿದ್ದರೆ 13ರಿಂದ 16ರ ವಯಸ್ಸಿನವರು ಮೈಮೇಲೆ ಎಳೆದುಕೊಳ್ಳುವ ಅಪಾಯ ಸುಮಾರು ಎರಡರಷ್ಟಾಯಿತು. 24 ದಾಟಿದವರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹದಿಹರೆಯದವರಿಗೆ ಅಪಾಯ ಗೊತ್ತಿಲ್ಲ ಎಂದಲ್ಲ, ನೋಡುವವರಿದ್ದಾರೆ. ಗೆಳೆಯರ ಎದುರು ಗದರಿದರೆ ಹದಿಹರೆಯದವರು ಉತ್ತರ ಕೊಡುವುದು ನಿಮಗಲ್ಲ, ಆ ಪ್ರೇಕ್ಷಕರಿಗೆ. ನಡೆಯುತ್ತಾ ಅಥವಾ ವಾಹನದಲ್ಲಿ, ಮುಖಾಮುಖಿ ಕೂರದೆ, ಒಬ್ಬರೇ ಇದ್ದಾಗ ಮಾತಾಡುವುದು ಒಳ್ಳೆಯದು. ಫೋನ್ ತಪಾಸಣೆಗೆ ನಾನು ಕೊನೆಯ ಜಾಗ ಕೊಡುತ್ತೇನೆ: ಮಕ್ಕಳ ಬಗ್ಗೆ ಹೆತ್ತವರಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಮಕ್ಕಳು ತಾವಾಗಿ ಹೇಳಿದ್ದರಿಂದ ಬಂದದ್ದು, ಕಣ್ಗಾವಲಿನಿಂದಲ್ಲ ಎಂದು ಸಂಶೋಧಕರಾದ ಸ್ಟಾಟಿನ್ ಮತ್ತು ಕೆರ್ 2000ದಲ್ಲಿ ಕಂಡುಕೊಂಡರು. ಮಗು ಹೇಳಿದ್ದನ್ನು ಅದೇ ದಿನ ಅದರ ಮೇಲೆ ತಿರುಗಿಸಿದರೆ ಆ ಬಾಯಿ ಮುಚ್ಚುತ್ತದೆ.

ಇಡೀ ತರಗತಿಯೇ ಗದ್ದಲದಲ್ಲಿದ್ದರೆ 1969ರಿಂದ ಬಳಕೆಯಲ್ಲಿರುವ ತಂಡದ ಆಟ ಆಡಿಸುತ್ತೇನೆ. ತರಗತಿಯನ್ನು ಎರಡು ತಂಡ ಮಾಡಿ, ನಿಯಮ ಮುರಿದಾಗಲೆಲ್ಲ ಆ ತಂಡದ ಹೆಸರಿನ ಕೆಳಗೆ ಒಂದು ಗೀಟು. ಅವಧಿ ಮುಗಿದಾಗ ಐದಕ್ಕಿಂತ ಕಡಿಮೆ ಇದ್ದವರು ಗೆದ್ದಂತೆ. ಎರಡೂ ತಂಡ ಗೆಲ್ಲಬಹುದು. ಆರಂಭದಲ್ಲಿ ಹತ್ತು ನಿಮಿಷ, ಬಹುಮಾನ ಐದು ನಿಮಿಷ ಹೆಚ್ಚಿನ ಬಿಡುವು. ಬೇಕೆಂದೇ ತಂಡವನ್ನು ಸೋಲಿಸುವ ಮಗುವನ್ನು ಒಬ್ಬರದೇ ಪ್ರತ್ಯೇಕ ತಂಡ ಮಾಡಿದರೆ, ನೋಡಿ ನಗುವವರಿಲ್ಲದೆ ಆಟ ಸಪ್ಪೆಯಾಗಿ ಒಂದೆರಡು ದಿನದಲ್ಲಿ ತಾನೇ ಮರಳಲು ಕೇಳುತ್ತದೆ. ಸೋತವರು ಬಿಡುವಿನಲ್ಲಿ ಒಬ್ಬರನ್ನೇ ಗುರಿ ಮಾಡಿಕೊಂಡು ಬೈಯುತ್ತಿದ್ದಾರೆಯೇ ಎಂದು ಕಣ್ಣಿಟ್ಟಿರಬೇಕು. ಹಾಗಾದರೆ ಆಟ ಅಲ್ಲಿಗೇ ನಿಲ್ಲಬೇಕು.

ನಾಲ್ಕು ವಾರದ ಮೇಲೆ ಅದೇ ಅರ್ಧ ಗಂಟೆ, ಅದೇ ರಬ್ಬರ್ ಬ್ಯಾಂಡ್, ಮತ್ತೆ ಎಣಿಕೆ. ಅರ್ಧಕ್ಕಿಳಿದಿದ್ದರೆ ಮಾಡಿದ್ದನ್ನೇ ಮುಂದುವರಿಸುತ್ತೇನೆ. ಇಳಿಯದಿದ್ದರೆ ನಾಲ್ಕನೇ ಕಾಲಂ ಅನ್ನು ತಪ್ಪಾಗಿ ಓದಿದ್ದೇನೆ ಎಂದರ್ಥ. ಇಳಿದ ಮೇಲೂ ಎಲ್ಲವನ್ನೂ ಒಟ್ಟಿಗೆ ತೆಗೆಯುವಂತಿಲ್ಲ: ಮೊದಲು ಬಹುಮಾನ, ಎರಡು ವಾರ ಬಿಟ್ಟು ಗೀಟು, ಕೂರುವ ಜಾಗ ಎಲ್ಲಕ್ಕಿಂತ ಕೊನೆಗೆ.